ಐದು ಬೇಕಿದ್ದ ಮನೆಗೆ ಎರಡು

ಐದು ಕೆವಿಎ ಜನರೇಟರ್ ಬೇಕಿದ್ದ ಮನೆಗೆ ಎರಡು ಸಾಕು ಎಂದು ನಾನು ಬರೆದುಕೊಟ್ಟೆ. ಲೆಕ್ಕ ತಪ್ಪಿ ಬರೆದದ್ದಲ್ಲ. ಲೆಕ್ಕವನ್ನು ಸರಿಯಾಗಿಯೇ ಮಾಡಿ, ಉತ್ತರ ಐದು ಎಂದು ಕಣ್ಣಾರೆ ನೋಡಿ, ಆಮೇಲೆ ಎರಡು ಎಂದು ಬರೆದೆ. ಆ ಮನೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಮಲಗಿದ್ದ ಒಬ್ಬ ಮುದುಕಿ ಇದ್ದಳು. ಅವಳು ಸತ್ತಳು. ಸೊಸೆಯ ಕೈಯಿಂದಲೇ ಸತ್ತಳು ಎಂದು ಮನೆಮಂದಿ ಆರು ವರ್ಷ ನಂಬಿದರು. ಹಾಗೆ ನಂಬಲು ಬೇಕಾದ ಒಂದು ಮಾತನ್ನು ಕೊಟ್ಟವಳೂ ನಾನೇ.

ನಾನು ಮೂವತ್ತು ವರ್ಷ ಮಹಿಳಾ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿದವಳು. ಒಂದು ಮನೆಗೆ ಎಷ್ಟು ದೊಡ್ಡ ಜನರೇಟರ್ ಬೇಕು ಎಂಬುದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತಿದ್ದೆ. ಕರೆಂಟ್ ಹೋದಾಗ ಒಟ್ಟಿಗೆ ನಡೆಯಬೇಕಾದ ವಸ್ತುಗಳನ್ನು ಮೊದಲು ಪಟ್ಟಿ ಮಾಡಬೇಕು, ಒಂದೊಂದಕ್ಕೂ ಎಷ್ಟು ವ್ಯಾಟ್ ಎಂದು ಬರೆದು ಕೂಡಬೇಕು. ಅಲ್ಲಿಗೇ ನಿಲ್ಲಿಸಿದಿರೋ, ಕೆಟ್ಟಿರಿ ಎಂದು ಹುಡುಗಿಯರಿಗೆ ಹೇಳುತ್ತಿದ್ದೆ. ಫ್ರಿಜ್ಜು, ನೀರಿನ ಮೋಟರು — ಇವು ಓಡುವಾಗ ಕೇಳುವ ಶಕ್ತಿ ಬೇರೆ, ಹೊರಡುವಾಗ ಕೇಳುವ ಶಕ್ತಿ ಬೇರೆ. ನಿಂತ ಆಟೋವನ್ನು ಒಮ್ಮೆ ತಳ್ಳಿ ನೋಡಿ. ಮೊದಲು ಕದಲಿಸಲು ಬೇಕಾದ ಬಲ ಉರುಳತೊಡಗಿದ ಮೇಲೆ ಬೇಕಾಗುವುದಿಲ್ಲ. ಮೋಟರು ಹೊರಡುವ ಆ ಒಂದೆರಡು ಕ್ಷಣ ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಎಳೆಯುತ್ತದೆ. ಆ ಎಳೆತವನ್ನು ತಾಳುವಷ್ಟು ದೊಡ್ಡದಿರಬೇಕು ಜನರೇಟರ್, ಅದರ ಮೇಲೆ ಸ್ವಲ್ಪ ಹೆಚ್ಚೇ ಇರಬೇಕು. ಇದನ್ನು ನಾನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹಾಗಾಗಿ ಗೊತ್ತಿರಲಿಲ್ಲ ಎಂಬ ಬಾಗಿಲು ನನಗಿಲ್ಲ.

ಬಸವೇಶ್ವರನಗರದಲ್ಲಿ ನನ್ನ ಮನೆಗೂ ನಾಗರತ್ನಳ ಮನೆಗೂ ನಡುವೆ ಒಂದೇ ಕಾಂಪೌಂಡ್ ಗೋಡೆ. ಅವಳ ಗಂಡ ಮಹದೇವನ ಮನೆತನದವರು ಹಿಂದೆ ಶ್ರೀಗಂಧದ ಕಾವಲ್ ಕಡೆ ಹೊಲ ಉತ್ತವರು. ಈಗ ಅವನದು ಕಾಮಾಕ್ಷಿಪಾಳ್ಯದಲ್ಲಿ ಹಾರ್ಡ್‌ವೇರ್ ಅಂಗಡಿ, ಮನೆಯ ಮೇಲೆ ಎರಡು ಬಾಡಿಗೆ ಪೋರ್ಷನ್ನು. ಆ ಪೋರ್ಷನ್ನುಗಳಿಂದಲೇ ನಮ್ಮ ಜಗಳ ಹುಟ್ಟಿದ್ದು. ನನ್ನ ಗಂಡ ತೀರಿಕೊಂಡ ಹನ್ನೊಂದನೆಯ ದಿನ. ಒಳಗೆ ಕರ್ಮ ನಡೆಯುತ್ತಿತ್ತು, ಪಕ್ಕದಲ್ಲಿ ಮೌಲ್ಡ್ ಹಾಕುತ್ತಿದ್ದರು — ಕಾಂಕ್ರೀಟ್ ಕಲಸುವ ಯಂತ್ರದ ಅಬ್ಬರದಲ್ಲಿ ಪುರೋಹಿತರ ಒಂದು ಅಕ್ಷರವೂ ಕಿವಿಗೆ ಬೀಳುತ್ತಿರಲಿಲ್ಲ. ನಾನು ಒದ್ದೆ ಸೀರೆಯಲ್ಲೇ ಹೋಗಿ, ಎರಡು ಗಂಟೆ ನಿಲ್ಲಿಸಲು ಸಾಧ್ಯವೇ ಎಂದು ಕೇಳಿದೆ. ಮೇಸ್ತ್ರಿಯ ಜತೆ ಕಿರುಚಿ ಮಾತಾಡುತ್ತಿದ್ದ ನಾಗರತ್ನ ಅದೇ ದನಿಯಲ್ಲಿ ನನ್ನ ಕಡೆ ತಿರುಗಿದಳು.

"ಶುರು ಮಾಡಿದ್ಮೇಲೆ ಮೌಲ್ಡ್ ನಿಲ್ಸಕ್ಕಾಗಲ್ಲ ಮೇಡಂ. ನಿಲ್ಸಿದ್ರೆ ನಿಮ್ಮೆಜಮಾನ್ರು ಎದ್ದು ಬರ್ತಾರಾ?"

ಇದನ್ನು ಕಾರಣವೆಂದು ಹೇಳುತ್ತಿಲ್ಲ. ಆಗಿದ್ದು ಹೀಗೆ ಎಂದಷ್ಟೇ ಹೇಳುತ್ತಿದ್ದೇನೆ. ಆಮೇಲೆ ಒಂಬತ್ತು ವರ್ಷ ನಾವು ಒಬ್ಬರನ್ನೊಬ್ಬರು ಹರಿದು ತಿಂದೆವು. ಅವಳ ಬಾಡಿಗೆಯವರ ಸ್ಕೂಟರು ನನ್ನ ಗೇಟಿಗೆ ಅಡ್ಡ ನಿಲ್ಲುತ್ತಿತ್ತು. ನಾನು ಅದರ ಟೈರಿನ ಗಾಳಿ ಬಿಡುತ್ತಿದ್ದೆ. ನನ್ನ ಮೋರಿಗೆ ಅವಳ ಮನೆಯ ಗಾರೆ ಬಂದು ಕಟ್ಟಿಕೊಳ್ಳುತ್ತಿತ್ತು. ಅವಳ ಮೂರನೇ ಮಹಡಿ ಅಕ್ರಮವೆಂದು ನಾನು ಪಾಲಿಕೆಗೆ ಹೆಸರಿಲ್ಲದ ಅರ್ಜಿ ಬರೆಯುತ್ತಿದ್ದೆ — ಒಂದಲ್ಲ, ನಾಲ್ಕು. ಬೀದಿಯಲ್ಲಿ ನಿಂತು ಅವಳು ನನ್ನನ್ನು ಗೊಡ್ಡಿ ಎಂದಳು. ನಾನು ಅವಳನ್ನು ಏನೆಂದೆ ಎಂದು ಬರೆಯಲು ಕೈ ಬರುವುದಿಲ್ಲ. ಮೂವತ್ತು ವರ್ಷ ಮೇಡಂ ಎನಿಸಿಕೊಂಡ ಬಾಯಿ ಅದು.

ಅಂಥವಳು ಒಂದು ಭಾನುವಾರ ಬೆಳಿಗ್ಗೆ ನನ್ನ ಗೇಟಿನ ಹೊರಗೆ ಬಂದು ನಿಂತಳು. ಚಿಲಕ ಮುಟ್ಟಲಿಲ್ಲ.

"ನಮಗೂ ನಿಮಗೂ ಆಗಲ್ಲ ಮೇಡಂ, ಗೊತ್ತು. ಆದ್ರೂ ಬಂದೆ," ಎಂದಳು. "ಅತ್ತೆಗೆ ಆಕ್ಸಿಜನ್ ಮೆಷಿನ್ ಹಾಕವ್ರೆ. ಹಗಲೂ ರಾತ್ರಿ ಓಡ್ತಿರ್ಬೇಕಂತೆ. ಯುಪಿಎಸ್ ಎರಡು ಗಂಟೆ ಬರತ್ತೆ, ಆಮೇಲೆ ಇಲ್ಲ. ಜನರೇಟರ್ ತಗೋಳಣ ಅಂದ್ರೆ ವಿಜಯನಗರದ ಅಂಗಡಿಯವನು ಒಂದು ಹೇಳ್ತಾನೆ, ನಮ್ಮನೆಯವ್ರು ಒಂದು ಹೇಳ್ತಾರೆ. ಯಾವ ಸೈಜು ಬೇಕು ಅಂತ ನೀವೊಂದ್ಸಲ ನೋಡಿ ಹೇಳ್ಬಿಡಿ. ಕರೆಂಟ್ ವಿಷಯದಲ್ಲಿ ನೀವು ಸುಳ್ಳು ಹೇಳಲ್ಲ."

ನಾನು ಹೋದೆ. ಆ ಮನೆಯ ಹೊಸ್ತಿಲು ದಾಟಿ ಒಂಬತ್ತು ವರ್ಷವಾಗಿತ್ತು. ಕೈಯಲ್ಲಿ ಪೆನ್ನು, ಹಾಳೆ — ನಿಜ ಹೇಳುತ್ತೇನೆ, ಹೋಗುವಾಗ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಸೋತು ಬಂದಿದ್ದಾಳೆ ಎಂಬ ಒಂದು ಬಿಗುಮಾನ ಇತ್ತು, ಅಷ್ಟೇ. ನಡುಮನೆಯ ಮಂಚದ ಮೇಲೆ ಅವಳ ಅತ್ತೆ ಪುಟ್ಟಮ್ಮ ಒರಗಿ ಕೂತಿದ್ದರು. ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದು ಹಾಳಾದ ಎದೆ. ಪಕ್ಕದಲ್ಲಿ ಆ ಯಂತ್ರ ಬುಸುಗುಡುತ್ತಿತ್ತು. ನನ್ನನ್ನು ನೋಡಿ, ಕಾಲು ಮಡಚಿಕೊಂಡು ಮಂಚದ ತುದಿಯಲ್ಲಿ ಜಾಗ ಮಾಡಿದರು.

"ಮೇಡಮ್ಮೋರಾ... ಬಾರವ್ವ, ಕೂತ್ಕೊ."

ನಾನು ಕೂರಲಿಲ್ಲ. ಯಂತ್ರದ ಹಿಂದಿನ ಚೀಟಿ ಓದಿದೆ — ನಾನೂರು ವ್ಯಾಟ್. ಫ್ರಿಜ್ಜು, ಫ್ಯಾನುಗಳು, ದೀಪಗಳು, ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಒಂದು ಎಚ್‌ಪಿ ಮೋಟರು. ಮೋಟರು ಬೇಕೇ ಎಂದು ಕೇಳಿದೆ. ನಾಗರತ್ನ ಸ್ವರ ತಗ್ಗಿಸಿದಳು. ಅತ್ತೆಗೆ ಹಾಸಿಗೆಯಲ್ಲೇ ಆಗಿಬಿಡುತ್ತದೆ, ದಿನಕ್ಕೆ ಎರಡು ಸಲ ತೊಳೆಯಬೇಕು, ನೀರಿಲ್ಲದೆ ಒಂದು ಹೊತ್ತೂ ಆಗುವುದಿಲ್ಲ ಎಂದಳು. ಬರೆದುಕೊಂಡೆ. ಜನರೇಟರ್ ಎಲ್ಲಿಡುತ್ತೀರಿ ಎಂದು ಕೇಳಿದಾಗ ಅವಳು ನನ್ನನ್ನು ಪಕ್ಕದ ಓಣಿಗೆ ಕರೆದುಕೊಂಡು ಹೋದಳು.

"ಇಲ್ಲೇ ಮೇಡಂ. ಬೇರೆಲ್ಲೂ ಜಾಗ ಇಲ್ಲ."

ತಲೆ ಎತ್ತಿ ನೋಡಿದೆ. ಗೋಡೆಯಾಚೆ, ಕೈಗೆಟಕುವಷ್ಟು ಹತ್ತಿರ, ನನ್ನ ಮಲಗುವ ಕೋಣೆಯ ಕಿಟಕಿ.

ಮನೆಗೆ ಬಂದು ಲೆಕ್ಕ ಮಾಡಿದೆ. ನಡೆಯುವ ಲೋಡು, ಮೋಟರು ಹೊರಡುವ ಎಳೆತ, ಮೇಲೆ ಬಿಡಬೇಕಾದ ಹೆಚ್ಚಳ — ನಾಲ್ಕೂವರೆಯ ಆಚೆ ಬಂತು. ಅಂದರೆ ಐದು. ಐದು ಕೆವಿಎ ಎಂದರೆ ಎಷ್ಟು ದೊಡ್ಡದು, ಎಷ್ಟು ಸದ್ದು, ಎಷ್ಟು ಹೊಗೆ ಎಂಬುದು ನನಗೆ ಗೊತ್ತಿತ್ತು. ಅದು ನನ್ನ ತಲೆದಿಂಬಿನ ಪಕ್ಕದಲ್ಲೇ ಗುಡುಗುವುದು ಕಿವಿಗೆ ಕೇಳಿಸಿತು — ಆ ಕಾಂಕ್ರೀಟ್ ಯಂತ್ರದ ಹಾಗೆ. ಎರಡರದ್ದಾದರೆ ಚಿಕ್ಕದು, ಸೂಟ್‌ಕೇಸಿನಷ್ಟು, ಗುಂಯ್ ಎಂದು ಸುಮ್ಮನೆ ಓಡುತ್ತದೆ.

ಸದ್ದಿನ ಭಯಕ್ಕೆ ಬರೆದೆನೋ, ಹಗೆಗೆ ಬರೆದೆನೋ? ಇದನ್ನು ನನ್ನನ್ನೇ ಎಷ್ಟು ಸಲ ಕೇಳಿಕೊಂಡಿದ್ದೇನೆ. ಸದ್ದಿಗೆ ಎಂದು ಹೇಳಲು ಆಸೆಯಾಗುತ್ತದೆ, ಸದ್ದಿಗೆ ಹೆದರುವವಳು ವಿಧವೆ ಮುದುಕಿ, ಅವಳ ಮೇಲೆ ಯಾರಿಗಾದರೂ ಕನಿಕರ ಬಂದೀತು. ಆದರೆ ಎರಡು ಎಂದು ಬರೆಯುವಾಗ ನನ್ನ ತುಟಿಯಲ್ಲಿ ಒಂದು ಸಣ್ಣ ನಗು ಇತ್ತು. ಒದ್ದಾಡಲಿ, ಕರೆಂಟ್ ಹೋದಾಗಲೆಲ್ಲ ಒಂದನ್ನು ಹಾಕಿ ಇನ್ನೊಂದನ್ನು ಆರಿಸಿ ಒದ್ದಾಡಲಿ ಎಂದುಕೊಂಡೆ. ಮಂಚದ ಮೇಲಿನ ಮುದುಕಿ ಆ ಹೊತ್ತಿನಲ್ಲಿ ನನಗೆ... ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾದರು. ಪಕ್ಕಕ್ಕೆ ಸರಿಸಿದೆ.

ಹಾಳೆಯನ್ನು ಗೋಡೆಯ ಮೇಲಿಂದ ಅವಳ ಕೈಗೆ ಕೊಟ್ಟೆ. ಓದಿ, ಅವಳು ಕೇಳಬಾರದ್ದನ್ನೇ ಕೇಳಿದಳು.

"ಇದ್ರಲ್ಲಿ ಮೋಟರೂ ಹಾಕ್ಬೋದಾ ಮೇಡಂ?"

ಆಗುವುದಿಲ್ಲ ಎಂದಿದ್ದರೆ ಅವಳು ದೊಡ್ಡದನ್ನೇ ತರುತ್ತಿದ್ದಳು. "ಹಾಕ್ಬಹುದು," ಎಂದೆ. "ಒಂದೊಂದಾಗಿ ಹಾಕಿ."

ಅವಳು ಕೈ ಮುಗಿದಳು.

ಎಂಟು ತಿಂಗಳು ಏನೂ ಆಗಲಿಲ್ಲ. ಅರ್ಧ ಗಂಟೆ, ಒಂದು ಗಂಟೆ ಕರೆಂಟ್ ಹೋಗುವುದಕ್ಕೆ ಅವರ ಯುಪಿಎಸ್ಸೇ ಸಾಕಾಗುತ್ತಿತ್ತು. ಅದು ಮುಗಿದ ಒಂದೆರಡು ಸಲ ಜನರೇಟರ್ ಓಡಿತು. ಟ್ಯಾಂಕಿನಲ್ಲಿ ನೀರಿದ್ದುದರಿಂದ ಮೋಟರಿನ ಗೋಜಿಗೆ ಅವಳು ಹೋಗಿರಲಿಲ್ಲ. ಕಿಟಕಿ ತೆರೆದು ಆ ಗುಂಯ್ ಸದ್ದು ಕೇಳಿದೆ. ಹಿತವಾಗಿತ್ತು. ಒಳ್ಳೆಯ ಕೆಲಸ ಮಾಡಿದೆ ಎಂದೂ ಅನ್ನಿಸಿತು — ಇಬ್ಬರಿಗೂ ಆಯಿತಲ್ಲ ಎಂದು.

ಮೇ ತಿಂಗಳಲ್ಲಿ ಒಂದು ಸಂಜೆ ಗಾಳಿಯೆದ್ದು ನಮ್ಮ ಕ್ರಾಸಿನ ದೊಡ್ಡ ಮರ ಟ್ರಾನ್ಸ್‌ಫಾರ್ಮರಿನ ಮೇಲೆ ಬಿತ್ತು. ಮಾಗಡಿ ರಸ್ತೆಯ ಉದ್ದಕ್ಕೂ ಮರಗಳು ಉರುಳಿದ್ದವು. ಸರಿಮಾಡಲು ಬರುವವರು ಎಲ್ಲಿಗೆಂದು ಬಂದಾರು. ಮಾರನೆಯ ಬೆಳಿಗ್ಗೆಯೂ ಕರೆಂಟ್ ಇರಲಿಲ್ಲ. ಪಕ್ಕದ ಮನೆಯ ಯುಪಿಎಸ್ ರಾತ್ರಿಯೇ ಬರಿದಾಗಿರಬೇಕು, ಜನರೇಟರ್ ಓಡುತ್ತಲೇ ಇತ್ತು. ಹನ್ನೊಂದು ಗಂಟೆಯ ಹೊತ್ತಿಗೆ ನಾನು ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಓಣಿಯಲ್ಲಿ ನಾಗರತ್ನ, ನೀರಿಲ್ಲವೇ ಎಂದು ಮಹಡಿಯಿಂದ ಕೇಳಿದ ಬಾಡಿಗೆಯವಳಿಗೆ ಹೇಳುತ್ತಿದ್ದುದು ಕೇಳಿಸಿತು.

"ಟ್ಯಾಂಕಲ್ಲಿ ಒಂದು ಹನಿ ಇಲ್ಲ ಕಣಮ್ಮ. ಅತ್ತೆ ಮಾಡ್ಕೊಂಡ್ಬಿಟ್ಟವ್ರೆ, ತೊಳೀಬೇಕು. ಫ್ರಿಜ್ಜು, ಫ್ಯಾನು ಎಲ್ಲಾ ಆರ್ಸಿದೀನಿ. ಮೇಡಂ ಒಂದೊಂದಾಗಿ ಹಾಕಿ ಅಂದವ್ರೆ."

ನನ್ನ ಕೈ ನಿಂತಿತು. ಮರುಕ್ಷಣ ಜನರೇಟರಿನ ಸದ್ದು ಕುಸಿಯಿತು. ಎತ್ತಿನ ಗಂಟಲು ಹಿಸುಕಿದ ಹಾಗೆ ನರಳಿ, ನಿಂತುಹೋಯಿತು. ಮೌನ. ಆ ಮೌನದೊಳಗಿಂದ ಆಕ್ಸಿಜನ್ ಯಂತ್ರದ ಎಚ್ಚರಿಕೆ — ಬೀಪ್ ಬೀಪ್ ಎಂದು ಬಿಡದೆ.

ನಾಗರತ್ನ ಓಡಿ ಬಂದು ಜನರೇಟರಿನ ಹಗ್ಗ ಎಳೆದಳು. ಹೊತ್ತಿಕೊಂಡಿತು, ನರಳಿತು, ನಿಂತಿತು. ಮತ್ತೆ ಎಳೆದಳು. ಮತ್ತೆ ನಿಂತಿತು. ಯಾಕೆಂದು ನನಗೆ ಗೊತ್ತಿತ್ತು — ಗಾಬರಿಯಲ್ಲಿ ಮೋಟರಿನ ಸ್ವಿಚ್ಚನ್ನು ಅವಳು ಆರಿಸಿಯೇ ಇರಲಿಲ್ಲ. "ಮೋಟರ್ ಆರಿಸಿ" ಎಂದು ಕಿಟಕಿಯಿಂದ ಕೂಗಿದ್ದರೆ ಸಾಕಾಗಿತ್ತು. ಎರಡೇ ಪದ. ಇನ್ನೊಂದೂ ಇತ್ತು. ಒಬ್ಬಳೇ ಇರುವವಳು ನಾನು. ನನ್ನ ಯುಪಿಎಸ್ಸಿನಲ್ಲಿ ಚಾರ್ಜು ಉಳಿದಿತ್ತು. ಉದ್ದ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಗೋಡೆಯ ಮೇಲಿಂದ ಕೊಟ್ಟಿದ್ದರೆ ಆ ಯಂತ್ರ ಒಂದು ಗಂಟೆಯಾದರೂ ಓಡುತ್ತಿತ್ತು.

ಬಾಕ್ಸನ್ನು ಕೈಗೆ ತೆಗೆದುಕೊಂಡೆ. ಬಾಗಿಲವರೆಗೂ ಹೋದೆ. ಅಲ್ಲಿ ನಿಂತೆ. ಹೋದರೆ ಕೇಳುತ್ತಾರೆ — ಯಾಕೆ ನಿಂತಿತು ಮೇಡಂ, ನೀವೇ ಅಲ್ಲವೇ ಹೇಳಿದ್ದು...

ಎಷ್ಟು ಹೊತ್ತು ನಿಂತೆನೋ. ಆ ಬೀಪ್ ಸದ್ದು ನಿಲ್ಲುವವರೆಗೂ ನಿಂತಿದ್ದೆ ಎಂಬುದು ಮಾತ್ರ ನೆನಪಿದೆ.

ಅವರ ಮನೆಯಲ್ಲಿ ಒಂದು ಸಣ್ಣ ಸಿಲಿಂಡರ್ ಇತ್ತು. ಅದನ್ನು ತಗುಲಿಸಿ, ಮಹದೇವನನ್ನು ಅಂಗಡಿಯಿಂದ ಕರೆಸಿ, ಮುದುಕಿಯನ್ನು ಕಾರಿಗೆ ಹಾಕಿದರು. ಬಿದ್ದ ಮರಗಳನ್ನು ಬಳಸಿ ಬಳಸಿ ಹೋಗುವಷ್ಟರಲ್ಲಿ ದಾರಿಯಲ್ಲೇ ಸಿಲಿಂಡರ್ ಮುಗಿಯಿತಂತೆ. ಮೂರನೆಯ ದಿನ ಪುಟ್ಟಮ್ಮ ಆಸ್ಪತ್ರೆಯಲ್ಲಿ ಹೋದರು. ಡಾಕ್ಟರು ಎದೆಯ ಸೋಂಕು, ವಯಸ್ಸು ಎಂದು ಬೇರೆ ಕಾರಣಗಳನ್ನೂ ಹೇಳಿದರಂತೆ. ಆ ಕಾರಣಗಳ ಹಿಂದೆ ನಾನು ಎಷ್ಟೋ ದಿನ ಅಡಗಿ ಕೂತೆ.

ಆದರೆ ನಾನು ಹೇಳಬೇಕಾದದ್ದು ಅದಕ್ಕೂ ಹಿಂದಿನದು — ಆಸ್ಪತ್ರೆಗೆ ಸೇರಿಸಿದ ಅದೇ ಸಂಜೆಯದು. ಮುದುಕಿಯ ಮಗಳು ಪ್ರಭಾ ನಾಗರಬಾವಿಯಿಂದ ಸ್ಕೂಟರಿನಲ್ಲಿ ಬಂದಿದ್ದಳು. ತಾಯಿಗೆ ಬಟ್ಟೆ ಒಯ್ಯಲು ಬಂದವಳು ಗೇಟಿನಲ್ಲೇ ಅತ್ತಿಗೆಯನ್ನು ಹಿಡಿದು ನಿಲ್ಲಿಸಿಕೊಂಡು ಕೂಗಾಡುತ್ತಿದ್ದಳು. ಸದ್ದು ಕೇಳಿ ಹೊರಗೆ ಬಂದೆ. ಬರಬಾರದಿತ್ತು.

"ಮೇಡಂ, ನೀವೇ ಅಲ್ವಾ ಸೈಜು ಬರೆದುಕೊಟ್ಟಿದ್ದು?" ಎಂದು ಪ್ರಭಾ ನನ್ನ ಕಡೆ ತಿರುಗಿದಳು. "ಹೇಳಿ. ಅದ್ರಲ್ಲಿ ಮೋಟರ್ ಹಾಕ್ಬೋದಿತ್ತಾ?"

ನಾಗರತ್ನ ನನ್ನ ಮುಖವನ್ನೇ ನೋಡುತ್ತಿದ್ದಳು. ಕೂದಲು ಬಿಚ್ಚಿತ್ತು. ಹಗ್ಗ ಎಳೆದೆಳೆದು ಅಂಗೈ ಸುಲಿದಿತ್ತು. ಹೇಳಿ ಮೇಡಂ ಎನ್ನುವ ಹಾಗೆ ಸಣ್ಣಗೆ ತಲೆಯಾಡಿಸಿದಳು — ನನ್ನ ಶತ್ರು, ನನ್ನಿಂದ ಸತ್ಯ ಬಂದೇ ಬರುತ್ತದೆ ಎಂದು ನಂಬಿ ನಿಂತಿದ್ದಳು.

"ಮೋಟರ್ ಹಾಕ್ಬೇಡಿ ಅಂತ ಹೇಳಿದ್ದೆ," ಎಂದೆ.

ಅವಳು ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಒಂಬತ್ತು ವರ್ಷ ಒಂದು ಮಾತಿಗೆ ಹತ್ತು ಕೊಟ್ಟವಳು. ಹುಬ್ಬು ಗಂಟಿಕ್ಕಿ, ಏನನ್ನೋ ನೆನೆಸಿಕೊಳ್ಳುವವಳ ಹಾಗೆ ನೆಲ ನೋಡಿದಳು. "ಹಾಕ್ಬೇಡಿ ಅಂದ್ರಾ?" ಎಂದಳು ಮೆಲ್ಲಗೆ. "ನಾನು... ಒಂದೊಂದಾಗಿ ಅಂದ್ರಿ ಅನ್ಕೊಂಡೆ."

ಅವಳು ನನ್ನನ್ನು ನಂಬಿದಳು. ತನ್ನ ಕಿವಿಗಿಂತ ನನ್ನನ್ನು ನಂಬಿದಳು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಅವಳು ಯೋಚಿಸಿ ಕೊಟ್ಟಿದ್ದರೂ ಕೊಡಲಾಗುತ್ತಿರಲಿಲ್ಲ — ಆದರೆ ಆ ದಿನ ನನಗಾದದ್ದು ಬರೀ ನೆಮ್ಮದಿ. ಪಾರಾದೆ ಎಂಬ ನೆಮ್ಮದಿ.

ಪ್ರಭಾ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. "ಬೇಡ ಅಂದ್ರೂ ಹಾಕಿದ್ಯಾ? ಬಾಯಿ ಬಿಟ್ಟು ಹೇಳಿದ್ರೂ? ನಮ್ಮಮ್ಮನ ಗಲೀಜು ತೊಳ್ದು ತೊಳ್ದು ಸಾಕಾಗಿತ್ತು ಅಲ್ವಾ ನಿಂಗೆ?"

ಆರು ವರ್ಷ. ಪ್ರಭಾ ಅತ್ತಿಗೆಯ ಕೈಯಿಂದ ಒಂದು ಲೋಟ ನೀರು ಮುಟ್ಟಲಿಲ್ಲ. ಪ್ರತಿ ವರ್ಷ ತಿಥಿಗೆ ಪ್ರಭಾಳೇ ಬಂದು ಅಡುಗೆ ಮಾಡಿ, ಎಡೆಯಿಟ್ಟು ಹೋಗುತ್ತಿದ್ದಳು. ಸೊಸೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮಹದೇವ ಹೆಂಡತಿಯನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟ. "ಊಟ", "ಬೀಗ", "ಬರ್ತೀನಿ" — ಇಷ್ಟರಲ್ಲೇ ಆ ಮನೆ ನಡೆಯುತ್ತಿತ್ತು ಎಂದು ಬಾಡಿಗೆಯವಳು ಹೇಳುತ್ತಿದ್ದಳು. ನಾಗರತ್ನ ಮೋಟರಿನ ಸ್ವಿಚ್ಚು ಮುಟ್ಟುವುದನ್ನು ಬಿಟ್ಟಳು. ಟ್ಯಾಂಕು ಖಾಲಿಯಾದರೆ ಮೇಲಿನವರನ್ನು ಕೂಗಿ, ಸ್ವಲ್ಪ ಹಾಕಮ್ಮ ಎನ್ನುತ್ತಿದ್ದಳು.

ನನ್ನ ಜತೆಯ ಜಗಳವೂ ನಿಂತಿತು. ಸ್ಕೂಟರು ಗೇಟಿಗೆ ಅಡ್ಡ ಬಂದರೆ ಅವಳೇ ಬಂದು ಸರಿಸುತ್ತಿದ್ದಳು. ಎದುರು ಸಿಕ್ಕರೆ ತಲೆ ತಗ್ಗಿಸುತ್ತಿದ್ದಳು. ನಾನು ಬೇಕೆಂದೇ ಕೆಣಕಿ ನೋಡಿದೆ. ಒಂದು ದಿನ ಅವಳ ತುಳಸಿ ಕುಂಡ ನನ್ನ ಗೋಡೆಗೆ ತಾಗಿದೆ ಎಂದು ಬಾಯಿಗೆ ಬಂದಂತೆ ಕೂಗಿದೆ. ಅವಳು ಎರಡೂ ಕೈಯಲ್ಲಿ ಕುಂಡವನ್ನು ಎತ್ತಿ ದೂರ ಇಟ್ಟಳು, ಅಷ್ಟೇ. ಹೊಡೆದರೆ ತಿರುಗಿ ಹೊಡೆಯದವಳ ಮುಂದೆ ನಾನು ಎಷ್ಟು ಸಣ್ಣವಳಾದೆ ಎಂದು — ಅದನ್ನು ಹೇಗೆ ಬರೆಯಲಿ.

ಹೇಳಿಬಿಡೋಣ ಎಂದು ಎಷ್ಟು ಸಲ ಗೇಟಿನವರೆಗೆ ಹೋಗಿದ್ದೇನೆ. ಹೇಳಿದರೆ ಸತ್ತವರು ಬರುತ್ತಾರೆಯೇ ಎಂದು ವಾಪಸಾಗಿದ್ದೇನೆ. ಅದು ಯಾರ ಮಾತು ಎಂದು ಮನೆಯೊಳಗೆ ಬಂದ ಮೇಲೆ ಹೊಳೆಯುತ್ತಿತ್ತು. ಅವಳು ಸಿಮೆಂಟಿನ ಧೂಳಿನಲ್ಲಿ ನಿಂತು ಕೋಪದಲ್ಲಿ ಅಂದ ಒಂದು ಮಾತನ್ನು ಕ್ಷಮಿಸದ ನಾನು, ಅದೇ ಮಾತನ್ನು ತಂಪು ಹೊತ್ತಿನಲ್ಲಿ ನನಗೆ ನಾನೇ ಹೇಳಿಕೊಂಡು ಆರು ವರ್ಷ ಕಳೆದೆ.

ಕಳೆದ ಚಳಿಗಾಲದಲ್ಲಿ ಎದುರು ಮನೆಗೆ ಹೊಸದಾಗಿ ಬಂದವರು ಜನರೇಟರ್ ತರಬೇಕೆಂದಿದ್ದರು. ತರಕಾರಿ ಗಾಡಿಯ ಹತ್ತಿರ ಆ ಹೆಂಗಸು ಯಾವ ಸೈಜು ತರಬೇಕೋ ತಿಳಿಯುತ್ತಿಲ್ಲ ಎಂದಾಗ ನಾಗರತ್ನ ನನ್ನ ಕಡೆ ಕೈ ತೋರಿಸಿದಳು.

"ಮೇಡಂನ ಕೇಳಿ. ಸರಿಯಾಗಿ ಹೇಳ್ತಾರೆ. ಆದ್ರೆ ಅವ್ರು ಹೇಳಿದ್ದನ್ನ ಬರ್ಕೊಳ್ಳಿ, ಮರೀಬೇಡಿ." ತಕ್ಕಡಿಗೆ ಈರುಳ್ಳಿ ಹಾಕುತ್ತಾ ಅಂದಳು, "ನಾನು ಮರ್ತೆ."

ಕೊತ್ತಂಬರಿ ಕಟ್ಟು ಕೈಯಲ್ಲಿತ್ತು. ಅದನ್ನು ಗಾಡಿಯ ಮೇಲೇ ಬಿಟ್ಟು ಮನೆಗೆ ಬಂದೆ. ಅರ್ಧ ಗಂಟೆ ಕೂತೆ. ಎದ್ದು ಅವಳ ಮನೆಗೆ ಹೋದೆ.

ಅವಳು ನಡುಮನೆಯಲ್ಲಿ ನೆಲದ ಮೇಲೆ ಕೂತು ಒಣ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾನು ನಿಂತೇ ಹೇಳಿದೆ. "ನಾಗರತ್ನ, ನೀವು ಮರೀಲಿಲ್ಲ. ಮೋಟರ್ ಹಾಕ್ಬಹುದು ಅಂತಲೇ ನಾನು ಹೇಳಿದ್ದು. ಐದರದ್ದು ಬೇಕಿತ್ತು. ಬೇಕೂಂತಲೇ ಎರಡು ಅಂತ ಬರೆದೆ. ಪ್ರಭಾ ಹತ್ರ ಸುಳ್ಳು ಹೇಳಿದೆ."

ಅವಳು ಮೆಣಸಿನಕಾಯಿ ಕೆಳಗಿಟ್ಟಳು. "ಇನ್ನೊಂದ್ಸಲ ಹೇಳಿ," ಎಂದಳು.

ಹೇಳಿದೆ. ಮತ್ತೊಂದು ಸಲ ಎಂದಳು. ಮತ್ತೆ ಹೇಳಿದೆ. ಈ ಸಲ ಕಿಟಕಿಯನ್ನೂ ಹೇಳಿದೆ, ಎರಡು ಪದವನ್ನೂ ಹೇಳಿದೆ, ಕೈಯಲ್ಲಿದ್ದ ಎಕ್ಸ್‌ಟೆನ್ಷನ್ ಬಾಕ್ಸನ್ನೂ ಹೇಳಿದೆ. ಅವಳು ಅಳಲಿಲ್ಲ. ಎದ್ದು ಬಂದಳು. ಖಾರದ ಕೈಗಳನ್ನು ನನ್ನ ಎರಡೂ ಹೆಗಲ ಮೇಲಿಟ್ಟು ಬಾಗಿಲಿನಾಚೆಗೆ, ಮೆಟ್ಟಿಲಿನಾಚೆಗೆ ನೂಕಿದಳು. ಬಿದ್ದೆ. ಮೊಣಕೈ ತರಚಿ ರಕ್ತ ಬಂತು. ಎತ್ತಲಿಲ್ಲ, ಬಾಗಿಲು ಹಾಕಿಕೊಂಡಳು. ಆಮೇಲೆ ಒಳಗಿನಿಂದ ಒಂದು ಸದ್ದು ಬಂತು. ಅದು ಅಳುವಾಗಿರಲಿಲ್ಲ. ಅಂಥ ಸದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಅವಳು ಗೋಡೆಯ ಹತ್ತಿರ ಬಂದಳು.

"ಅತ್ತೆ ತಿಥಿ ಆವತ್ತು ಬರ್ಬೇಕು ನೀವು. ದಿನ ನಾನ್ ಹೇಳ್ತೀನಿ. ಎಲ್ರೂ ಇರ್ತಾರೆ. ನಂಗೆ ಹೇಳಿದ್ದನ್ನ ಅಲ್ಲಿ ಹೇಳಿ. ಒಂದಕ್ಷರ ಬಿಡ್ಬಾರ್ದು."

ಅಲ್ಲಿಯವರೆಗೆ ಅವಳು ಗಂಡನಿಗೂ ಹೇಳಲಿಲ್ಲ. ಐದು ತಿಂಗಳು ಕಾದಳು. ಓಡಿಹೋಗಬಹುದಿತ್ತು ನಾನು. ಮೈಸೂರಿನಲ್ಲಿ ತಂಗಿಯ ಮಗ ಇದ್ದಾನೆ, ಕರೆಯುತ್ತಲೇ ಇರುತ್ತಾನೆ. ಹೋಗಲಿಲ್ಲ ಎಂಬುದನ್ನು ದೊಡ್ಡದಾಗಿ ಹೇಳಿಕೊಳ್ಳುವುದಿಲ್ಲ. ಪ್ರತಿ ದಿನ ಬೆಳಿಗ್ಗೆ ಹೋಗಬೇಕೆನ್ನಿಸುತ್ತಿತ್ತು.

ಆ ದಿನ ನಡುಮನೆಯಲ್ಲಿ ಹದಿನೈದು ಜನ ಇದ್ದರು. ಪುಟ್ಟಮ್ಮನ ಫೋಟೋಗೆ ಹಾರ ಹಾಕಿ, ಮುಂದೆ ಎಡೆ ಇಟ್ಟಿದ್ದರು. ಪ್ರಭಾ ಎಲೆಗಳಿಗೆ ಬಡಿಸಲು ಸಾರಿನ ಪಾತ್ರೆ ಹಿಡಿದಿದ್ದಳು. ನಾಗರತ್ನ ಹಿತ್ತಲಿನಿಂದ ಸೆರಗಿಗೆ ಕೈ ಒರೆಸುತ್ತಾ ಬಂದು ನಡುವೆ ನಿಂತಳು. "ಮೇಡಂ ಏನೋ ಹೇಳ್ಬೇಕಂತೆ," ಎಂದಳು.

ಹೇಳಿದೆ. ಐದು ಎಂದು ಬಂದದ್ದು, ಎರಡು ಎಂದು ಬರೆದದ್ದು, ಗೇಟಿನಲ್ಲಿ ಆಡಿದ ಸುಳ್ಳು, ಕಿಟಕಿಯಿಂದ ಕೂಗದೆ ಬಾಗಿಲಲ್ಲೇ ನಿಂತದ್ದು. ನನ್ನ ದನಿ ಪಾಠ ಹೇಳುವ ದನಿಯ ಹಾಗೇ ಬಂತು. ಅದು ನನಗೇ ಹೇಸಿಗೆ ಎನಿಸಿತು. ಮಹದೇವ ಎದ್ದ. ನನ್ನನ್ನು ನೋಡಲಿಲ್ಲ, ಹೆಂಡತಿಯನ್ನೂ ನೋಡಲಾಗಲಿಲ್ಲ ಅವನಿಂದ. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದ. ಪ್ರಭಾ ಪಾತ್ರೆಯನ್ನು ನೆಲಕ್ಕೆ ಕುಕ್ಕಿದ ರಭಸಕ್ಕೆ ಸಾರು ಚೆಲ್ಲಿತು.

"ಹೊಲ್ಸು ಹೆಂಗಸೇ!" ಎಂದಳು ನನಗೆ. "ಪೊಲೀಸ್ಗೆ ಕೊಡ್ತೀನಿ ನಿನ್ನ!"

"ಕೊಡಿ," ಎಂದೆ. "ಬರೆದುಕೊಡ್ತೀನಿ."

ಮೂಲೆಯಲ್ಲಿ ಕೂತಿದ್ದ ಮಹದೇವನ ಚಿಕ್ಕಪ್ಪ ಕೈಯೆತ್ತಿದರು. "ಆಗಿದ್ದಾಗೋಯ್ತು ಬಿಡ್ರವ್ವ. ವಯಸ್ಸಾದೋರು, ತಾವಾಗೇ ಬಂದು ಒಪ್ಕೊಂಡವ್ರೆ. ಬಿಟ್ಬಿಡಿ."

"ಯಾರು ಬಿಡ್ಬೇಕು ಚಿಕ್ಕಮಾವ?" ನಾಗರತ್ನಳ ದನಿ ಏರಿತು. ಆರು ವರ್ಷದ ಮೇಲೆ ನಾನು ಕೇಳಿದ ಅವಳ ಹಳೆಯ ದನಿ. "ನಾನಾ ಬಿಡ್ಬೇಕು? ನೀವೆಲ್ಲ ಎಲೆ ಮುಂದೆ ಕೂತಾಗ ಹಿತ್ತಲಲ್ಲಿ ಕೂತಿದ್ದೋಳು ನಾನು!" ಪ್ರಭಾಳ ಕಡೆ ತಿರುಗಿದಳು. "ಇವ್ರು ಸುಳ್ಳು ಹೇಳಿದ್ರು, ಸರಿ. ಇವ್ರು ನನ್ನ ಶತ್ರು. ನೀನು? ಹನ್ನೆರಡು ವರ್ಷ ನಿಮ್ಮಮ್ಮನ ಬಾಯಿಗೆ ಅನ್ನ ಇಟ್ಟಿದೀನಿ. ಏನಾಯ್ತು ಅತ್ತಿಗೆ ಅಂತ ನನ್ನ ಒಂದ್ ಮಾತು ಕೇಳಿದ್ಯಾ ನೀನು?"

ಪ್ರಭಾ ಅಳತೊಡಗಿದಳು. ಅತ್ತಿಗೆಯ ಕೈ ಹಿಡಿಯಲು ಬಂದಳು. ನಾಗರತ್ನ ಕೈ ಹಿಂದಕ್ಕೆ ತೆಗೆದುಕೊಂಡಳು.

ಸತ್ಯ ಹೇಳಿದರೆ ಆ ಮನೆ ಒಂದಾಗುತ್ತದೆ ಎಂದು ನಾನು ಎಲ್ಲೋ ಒಳಗೆ ಆಸೆಪಟ್ಟಿದ್ದೆನೇನೋ. ಆಗಲಿಲ್ಲ. ನನ್ನ ಸುಳ್ಳು ಒಬ್ಬಳನ್ನು ಹಿತ್ತಲಿಗೆ ಹಾಕಿತ್ತು. ನನ್ನ ಸತ್ಯ ಹದಿನೈದು ಜನರನ್ನು ಎಲೆ ಮುಂದಿನಿಂದ ಎಬ್ಬಿಸಿತು. ಯಾರೂ ಊಟ ಮಾಡಲಿಲ್ಲ. ನಾನು ಹೊರಡಲು ತಿರುಗಿದಾಗ ನಾಗರತ್ನ ಬಾಗಿಲವರೆಗೆ ಬಂದಳು. ಕಳಿಸಿಕೊಡಲು ಬಂದದ್ದಲ್ಲ ಎಂದು ಗೊತ್ತಿತ್ತು.

"ನಿಮಗೆ ಹಗುರ ಆಯ್ತಾ ಮೇಡಂ?"

"ಇಲ್ಲ," ಎಂದೆ.

"ಆಗ್ಬಾರ್ದು," ಎಂದಳು.

ಪ್ರಭಾಗೆ ಹೇಳಿದಂತೆ ಎಲ್ಲವನ್ನೂ ಬರೆದು, ಸಹಿ ಹಾಕಿ, ಅವಳ ಕೈಗೆ ಕೊಟ್ಟಿದ್ದೇನೆ. ಠಾಣೆಗೆ ಕೊಟ್ಟಿದ್ದಾರೋ ಇಲ್ಲವೋ ತಿಳಿಯದು; ಕರೆದ ದಿನ ಹೋಗುತ್ತೇನೆ. ತಂಗಿಯ ಮಗನಿಗೆ ಬರುವುದಿಲ್ಲ ಎಂದು ಹೇಳಿಯಾಗಿದೆ. ಕ್ಷಮಿಸಿ ಎಂಬ ಮಾತನ್ನು ನಾನು ನಾಗರತ್ನಳ ಮುಂದೆ ಇದುವರೆಗೆ ಆಡಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಕೇಳಿದರೆ ಅವಳು ಉತ್ತರ ಕೊಡಬೇಕಾಗುತ್ತದೆ. ಆ ಕೆಲಸವನ್ನು ಅವಳ ಮೇಲೆ ಹೊರಿಸುವ ಹಕ್ಕು ನನಗಿಲ್ಲ.

ಈಗ ಕೆಲವು ದಿನ ಬೆಳಿಗ್ಗೆ ಅವಳು ಬೀದಿಯಲ್ಲಿ ನಿಂತು, ನನ್ನ ಮನೆಯ ಕಡೆ ಮುಖ ಮಾಡಿ ಬೈಯುತ್ತಾಳೆ. ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನಾನು ಹೊರಗೆ ಬಂದು ಗೇಟಿನ ಹತ್ತಿರ ನಿಲ್ಲುತ್ತೇನೆ. ಅವಳು ಮುಗಿಸುವವರೆಗೂ ಒಳಗೆ ಹೋಗುವುದಿಲ್ಲ.